ನೀರು ಹಾಕದ ಕಲ್ಲು

ಆಗಸ್ಟ್ ೪, ಸೋಮವಾರ

ಶ್ರಾವಣ ಸೋಮವಾರ, ಉಪವಾಸ. ಉಪವಾಸದ ದಿನ ಸಿಟ್ಟು ಮಾಡಬಾರದು ಅಂತಾರೆ. ಮೈದುನ ಬಂದು ಮಾಡಿಸಿಯೇ ಹೋದ.

ಮಹೇಶಕುಮಾರ ಇವತ್ತು ಸೇಡಂನಿಂದ ಬಂದಿದ್ದ. ಕೈಯಲ್ಲಿ ಮೊಬೈಲು, ಮುಖದ ತುಂಬ ನಗು. ಕಲಬುರಗಿಯ ಗೆಳೆಯನೊಬ್ಬನಿಂದ ನೆಲಕ್ಕೆ ಹಾಸುವ ಫರಸಿ ಕಲ್ಲಿನ ನಮ್ಮ ಅಂಗಡಿಗೆ ವೆಬ್‌ಸೈಟ್ ಮಾಡಿಸಿದ್ದಾನಂತೆ. ನೋಡಿದರೆ ಮೊದಲಿಗೇ ಒಬ್ಬಳು ಬಿಳಿ ಹೆಂಗಸು. ಅಮೃತಶಿಲೆಯ ನೆಲದ ಮೇಲೆ ಬರಿಗಾಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಳೆ. ಕೆಳಗೆ ಇಂಗ್ಲಿಷಿನಲ್ಲಿ ಏನೇನೋ. ಓದಿಸಿದೆ. ವಿಶ್ವದರ್ಜೆ, ನಂಬಿಕೆ, ಕನಸು, ಪರಿಹಾರ. ಪರಿಹಾರ ಯಾವುದಕ್ಕೆ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. ಕಲ್ಲು ಎಲ್ಲಿ ಅಂದೆ. ಆಕೆಯ ಕಾಲ ಕೆಳಗಿನ ನೆಲ ತೋರಿಸಿದ. ಶಹಾಬಾದಿನಲ್ಲಿ ಹುಟ್ಟಿ ಬೆಳೆದವನು ಅಮೃತಶಿಲೆ ತೋರಿಸಿ ಫರಸಿ ಅನ್ನುತ್ತಾನೆ.

ಆಮೇಲೆ ನಿಜವಾದ ಮಾತು ಬಂತು. ಟೈಲ್ಸ್ ವ್ಯಾಪಾರಿಯೊಬ್ಬರು ನಮ್ಮ ಜಾಗ ಬಾಡಿಗೆಗೆ ಕೇಳುತ್ತಿದ್ದಾರಂತೆ. ವಾಡಿ ರಸ್ತೆಗೆ ಹತ್ತಿದ ಜಾಗ, ಲಾರಿ ನಿಲ್ಲಲು ಅನುಕೂಲ. ನಮ್ಮವರು ತೀರಿಹೋಗಿ ಹದಿನಾಲ್ಕು ತಿಂಗಳಾಯಿತು, ನಾನು ಎಷ್ಟು ದಿನ ಅಂತ ಈ ಧೂಳಿನಲ್ಲಿ ಕೂಡಬೇಕು ಅಂದ. ಪಾಪ, ಕಾಳಜಿಯಿಂದಲೇ ಅಂದ. ಆಮೇಲೆ ಈ ಮಾತು:

"ದೀಪಾವಳಿ ಪೂಜಾದ ಒಳಗ ಹತ್ತು ಗಾಡಿ ಮಾಲು ಹೋದ್ರ ನಡಸ್ರಿ. ಇಲ್ಲಂದ್ರ ಟೈಲ್ಸಿನವರಿಗಿ ಕೊಟ್ಟುಬಿಡೋಣ್ರಿ ವೈನಿ."

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇದು ನಮ್ಮವರ ಅಂಗಡಿ. ಇಪ್ಪತ್ತಾರು ವರ್ಷ ಅವರು ನಡೆಸಿದ್ದು. ನಾನು ಕಾಯುವವಳು ಅಷ್ಟೇ. ಆದರೆ ಆ ಕಾಫಿ ಕುಡಿಯುವವಳು ಅವರ ಅಂಗಡಿಯಲ್ಲಿ ಕೂಡುವುದು ಬೇಡ. ಅಷ್ಟು ಮಾತ್ರ ಮುಖದ ಮೇಲೆ ಹೇಳಿಬಿಟ್ಟೆ.

ಆಗಸ್ಟ್ ೮, ಶುಕ್ರವಾರ

ನಾನೇ ಬೇರೆ ವೆಬ್‌ಸೈಟ್ ಮಾಡಿಸುತ್ತೇನೆ. ಅವನಿಗೊಬ್ಬನಿಗೇ ಗೆಳೆಯರಿರುವುದಾ?

ನಮ್ಮಲ್ಲಿ ಕಲ್ಲು ಕಡಿಯುವ ಮಿಸ್ತ್ರಿ ಅಬ್ದುಲ್ ಮಜೀದ. ನಾನು ಮದುವೆಯಾಗಿ ಬರುವ ಮೊದಲಿನಿಂದ ಇದೇ ಕೆಲಸ, ನಾನು ಮಜೀದಣ್ಣ ಅಂತೀನಿ. ಅವರ ಮಗಳು ಜಬೀನಾ ಬಿಸಿಎ ಓದಿ ವಾಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಮಾಡಿಕೊಡುತ್ತೇನೆ, ಆದರೆ ಏನು ಬರೆಯಬೇಕೋ ನೀವೇ ಬರೆದುಕೊಡಿ ಅಂದಳು.

ನಾಲ್ಕು ಪುಟ ಬರೆದೆ. ಒಳ್ಳೊಳ್ಳೆಯ ಶಬ್ದ ಹುಡುಕಿ ಹಾಕಿದೆ. ಕೀರ್ತಿಶೇಷ ಅಂಬಾರಾಯರ ದಿವ್ಯ ಸ್ಮರಣೆಯಲ್ಲಿ ಅಂತ ಶುರು. ಅವರ ಹಾರ ಹಾಕಿದ ಫೋಟೋ ನಡುವೆ. ಜಬೀನಾ ಓದಿ ಹೇಳಿದಳು: "ಆಂಟಿ, ಇದನ್ನ ನೋಡಿದವರು ಕಲ್ಲ ಕೇಳಂಗಿಲ್ರಿ. ಕೈ ಮುಗದು ಹೋಗ್ತಾರ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಚಹಾ ಸಹ ಕೇಳದೆ ಕಳಿಸಿಬಿಟ್ಟೆ.

ಆಗಸ್ಟ್ ೧೪, ಗುರುವಾರ

ಜಬೀನಾ ತಾನೇ ಬಂದಳು. ಅದೇ ಹೊತ್ತಿಗೆ ಚಿತ್ತಾಪುರದ ಗುತ್ತಿಗೆದಾರನ ಫೋನು. ಎಲ್ಲ ಕಲ್ಲೂ ಒಂದೇ ಬಣ್ಣ ಇರಬೇಕು, ಒಂಚೂರೂ ಹೆಚ್ಚುಕಮ್ಮಿ ಆಗಬಾರದು ಅಂತ ಅರ್ಧ ತಾಸು ತಲೆ ತಿಂದ. ನನ್ನ ಬಾಯಿಗೆ ಬೀಗ ಎಲ್ಲಿದೆ? ಚೆನ್ನಾಗಿ ಹೇಳಿ ಫೋನ್ ಇಟ್ಟೆ. ತಿರುಗಿ ನೋಡಿದರೆ ಹುಡುಗಿ ನಾನಂದದ್ದೆಲ್ಲ ಟೈಪು ಮಾಡಿಕೊಂಡು ಕೂತಿದ್ದಾಳೆ. ಇದೇ ನಿಮ್ಮ ವೆಬ್‌ಸೈಟು ಅಂದಳು.

ಹುಚ್ಚಿ, ಇಂಥ ಮಾತು ಯಾರಾದರೂ ಬರೆಯುತ್ತಾರಾ, ಮಂದಿ ನಗುತ್ತಾರೆ ಅಂದೆ. ಓದಿ ತೋರಿಸಿದಳು.

"ಭೂಮಿ ಒಳಗ ಯಾರೂ ಪೇಂಟ್ ಹಚ್ಚಿಲ್ರಿ. ಕಲ್ಲಿಗಿ ಕಲ್ಲು ಬಣ್ಣ ಬ್ಯಾರೆ ಇರ್ತದ. ಒಂದ ಬಣ್ಣ ಬೇಕಂದ್ರ ಟೈಲ್ಸ್ ತಗೋರಿ, ನಮಗೇನೂ ಬ್ಯಾಸರಿಲ್ಲ."

"ನಿಂಬಿರಸ, ಹುಣಸಿಹುಳಿ ಬಿದ್ರ ಆವಾಗೇ ಒರಸ್ರಿ. ಒರಸಲಿಲ್ಲಂದ್ರ ಕಲಿ ಬೀಳ್ತದ. ಅದು ಕಲ್ಲಿನ ತಪ್ಪಲ್ಲ."

"ಮಧ್ಯಾಹ್ನ ಒಂದಕ್ಕ ಊಟ. ಆವಾಗ ಫೋನ್ ಎತ್ತಂಗಿಲ್ಲ."

ಮಜೀದಣ್ಣ ಉಳಿ ಕೆಳಗಿಟ್ಟು ನಕ್ಕರು. ನನಗೂ ನಗು ಬಂತು, ಆದರೂ ಬೇಡವೇ ಬೇಡ ಅಂದೆ. ಸಂಜೆಗೆ ಮಹೇಶನ ಫೋನು. ಹೇಗೋ ಸುದ್ದಿ ಮುಟ್ಟಿದೆ. ಇಂಗ್ಲಿಷ್ ಬಿಟ್ಟು ಇಂಥ ಹಳ್ಳಿ ಮಾತು ಹಾಕಿದರೆ ನಮ್ಮನ್ನ ಯಾರು ಲೆಕ್ಕಕ್ಕೆ ಇಟ್ಟಾರು, ಮಂದಿ ಏನಂದಾರು ಅಂದ. ಏನು ಬೇಕಾದರೂ ಅನ್ನಲಿ. ಕೂಡಲೇ ಜಬೀನಾಗೆ ಫೋನ್ ಮಾಡಿ, ಒಂದಕ್ಷರ ಬದಲಿಸದೆ ಹಾಕು ಅಂದೆ.

ಆಗಸ್ಟ್ ೧೯, ಮಂಗಳವಾರ

ಫೋಟೋ ತೆಗೆದ ದಿನ. ಗಿರಾಕಿ ಬಂದಾಗ ಮಾಡುವಂತೆ ಮಜೀದಣ್ಣ ಒಂದೊಂದು ಕಲ್ಲಿನ ಮೇಲೂ ಬಕೀಟಿನಿಂದ ನೀರು ಹೊಯ್ದರು. ಒಣಗಿದ ಫರಸಿ ಬೂದಿ ಬಣ್ಣ. ನೀರು ಬಿದ್ದರೆ ಕರಿನೀಲಿಯಾಗಿ ಮಿಂಚುತ್ತದೆ. ನಮ್ಮ ಸಾಲಿನ ಯಾವ ಅಂಗಡಿಯಲ್ಲೂ ನೀರು ಹಾಕದೆ ಕಲ್ಲು ತೋರಿಸುವುದಿಲ್ಲ. ಫೋಟೋ ಬಹಳ ಚಂದ ಬಂದವು.

ಸದ್ದನ್ನೂ ಹಿಡಿದಳು ಜಬೀನಾ. ಮಜೀದಣ್ಣ ಸುತ್ತಿಗೆಯಿಂದ ಬಡಿದು ಕೇಳಿಯೇ ಕಲ್ಲು ಆರಿಸುವುದು. ಗಟ್ಟಿ ಕಲ್ಲು ಕಂಚಿನ ತಾಟಿನಂತೆ ಠಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ಡಬ್ ಅನ್ನುತ್ತದೆ. ಅವೆರಡೂ ಈಗ ವೆಬ್‌ಸೈಟಿನಲ್ಲಿವೆ. ಒತ್ತಿದರೆ ಕೇಳಿಸುತ್ತವೆ. ನಾನೇ ಇಪ್ಪತ್ತು ಸಲ ಒತ್ತಿದೆ.

ಆಗಸ್ಟ್ ೨೭, ಬುಧವಾರ

ಗಣೇಶ ಚೌತಿ. ಮೊದಲನೇ ಗಾಡಿ ಚಿಂಚೋಳಿಗೆ ಹೋಯಿತು. ಲಲಿತಾಬಾಯಿ ಅಂತ, ನಿವೃತ್ತ ನರ್ಸು, ಮನೆಯ ಪಡಸಾಲೆಗೆ ಬೇಕಂತೆ. ಮೊಣಕಾಲು ನೋವು, ಬಂದು ನೋಡಲಾರರು. ವೆಬ್‌ಸೈಟಿನಲ್ಲಿ ನಿಮ್ಮ ಮಾತು ಓದಿ ನಂಬಿಕೆ ಬಂತು ಅಂದರು. ಮಹೇಶನಿಗೆ ಫೋನ್ ಮಾಡಿ ಈ ಮಾತನ್ನು ಎರಡು ಸಲ ಹೇಳಿದೆ.

ಸೆಪ್ಟೆಂಬರ್ ೩, ಬುಧವಾರ

ಚಿಂಚೋಳಿಯ ಆ ಹೆಂಗಸಿಗೆ ಕಲ್ಲಿನ ಗಂಧವಿಲ್ಲ. ಫೋನಿನಲ್ಲಿ ಜಗಳ. ಫೋಟೋದಲ್ಲಿ ಕರಿನೀಲಿ ಇತ್ತು, ಬಂದದ್ದು ಬೂದಿ ಬಣ್ಣ, ಬೇರೆ ಮಾಲು ಕಳಿಸಿದ್ದೀರಿ ಅಂತಾರೆ. ನೀರು ಹಾಕಿ ನೋಡಿರಿ ಅಂದೆ. ಎಲ್ಲ ಗಿರಾಕಿಗೂ ಅದನ್ನೇ ಅನ್ನುವುದು.

"ದಿನಾ ನೀರ ಹೊಯ್ಕೋತ ಕುಂದ್ರಲೇನ್ರಿ ನಾ?" ಅಂದು ಫೋನ್ ಇಟ್ಟರು.

ಸೆಪ್ಟೆಂಬರ್ ೬, ಶನಿವಾರ

ಮಜೀದಣ್ಣನನ್ನು ಕರೆದುಕೊಂಡು ಚಿಂಚೋಳಿಗೆ ಹೋಗಿ ಬಂದೆ. ಚಿತ್ತಾಪುರ, ಕಾಳಗಿ ದಾಟುವ ತನಕ ಬಸ್ಸಿನಲ್ಲಿ ಜಗಳದ ಮಾತನ್ನೇ ಜೋಡಿಸುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ಅವರ ಅಂಗಡಿಗೆ ಯಾರೂ ಬೇರೆ ಮಾಲು ಕಳಿಸಿದ್ದೀರಿ ಅಂದಿರಲಿಲ್ಲ.

ಲಲಿತಾಬಾಯಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಿಗೇ ಬಂದರು. ಜಗಳಕ್ಕೆ ಮೊದಲು ಚಹಾ ಕೊಟ್ಟರು, ಅಲ್ಲೇ ನನ್ನ ಅರ್ಧ ಸಿಟ್ಟು ಇಳಿಯಿತು. ಮೊಬೈಲನ್ನು ಕಲ್ಲಿನ ಪಕ್ಕ ಇಟ್ಟು ನೋಡಿರಿ ಅಂದರು. ಮಜೀದಣ್ಣ ಕೈಯ ರೂಢಿಯಂತೆ ಒಂದು ತಂಬಿಗೆ ನೀರು ಕೇಳಿ ಹೊಯ್ದರು. ಕಲ್ಲು ಕರಿನೀಲಿಯಾಯಿತು. ಈಗ ನೋಡಿರಿ, ಅದೇ ಕಲ್ಲು ಅಂದರು. ಮೂವರೂ ನೋಡುತ್ತ ಕೂತೆವು. ಬಿಸಿಲಿತ್ತು. ಚಹಾ ಮುಗಿಯುವಷ್ಟರಲ್ಲಿ ಅಂಚಿನಿಂದ ಶುರುವಾಗಿ ನಡುವಿನ ತನಕ ಕಲ್ಲು ಮತ್ತೆ ಬೂದಿ ಬಣ್ಣಕ್ಕೆ ಬಂತು.

"ನೀವು ಸುಳ್ಳ ಹೇಳೀರಿ ಅನ್ನಂಗಿಲ್ರಿ ನಾ. ಆದ್ರ ಬಕೀಟ ಯಾಕ ತೋರ್ಸಲಿಲ್ಲ?" ಅಂದರು.

ಅಂಗಡಿಗೆ ಬಂದ ಗಿರಾಕಿಯ ಕಣ್ಣೆದುರಿಗೇ ನೀರು ಹೊಯ್ಯುತ್ತೇವೆ. ಒಣಗುವುದನ್ನೂ ಅವನು ನೋಡುತ್ತಾನೆ. ಅದರಲ್ಲಿ ಮುಚ್ಚುಮರೆ ಏನಿಲ್ಲ. ಮೊಬೈಲಿನಲ್ಲಿ ನೋಡುವವನಿಗೆ ಬಕೀಟು ಕಾಣುವುದಿಲ್ಲ ಅಂತ ನಮಗೆ ಯಾರಿಗೂ ಹೊಳೆದೇ ಇಲ್ಲ. ನನಗೂ ಇಲ್ಲ, ಮಜೀದಣ್ಣನಿಗೂ ಇಲ್ಲ, ಓದಿದ ಜಬೀನಾಗೂ ಇಲ್ಲ. ಈ ಕಲ್ಲಿನ ನಡುವೆಯೇ ಬಾಳಿದವರು ನಾವು. ಹಸಿ ಕಲ್ಲು ನೋಡಿದರೆ ಒಣ ಬಣ್ಣ ತಾನಾಗಿಯೇ ಕಣ್ಣಿಗೆ ಕಟ್ಟುತ್ತದೆ.

ಕಲ್ಲು ವಾಪಸು ತರಿಸುತ್ತೇನೆ ಅಂದು ಎದ್ದೆ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಸೆಪ್ಟೆಂಬರ್ ೯, ಮಂಗಳವಾರ

ಗಾಡಿ ವಾಪಸು ಬಂತು. ಮಹೇಶ ಬಂದು ನೋಡಿ ಹೋದ. ಬೈಯಲಿಲ್ಲ. ಇಷ್ಟಾಯಿತಲ್ಲ, ಸಾಕು ಮಾಡೋಣ ಅಂತ ಮೆಲ್ಲಗೆ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

ಅವನು ಹೋದ ಮೇಲೆ ಜಬೀನಾಳನ್ನು ಕರೆಸಿದೆ. ಎಲ್ಲ ಫೋಟೋ ತೆಗೆದುಹಾಕು, ಒಣ ಕಲ್ಲಿನವು ತೆಗಿ ಅಂದೆ. ಮಜೀದಣ್ಣ ಒಪ್ಪಲಿಲ್ಲ. ಒಣ ಕಲ್ಲಿನ ಫೋಟೋ ತೆಗೆಯುವುದೆಂದರೆ ಮದುಮಗಳನ್ನು ಮುಖ ತೊಳೆಯದೆ ಕೂರಿಸಿದಂತೆ ಅಂದರು. ದಿನಾ ನೋಡಬೇಕಾದ್ದು ಆ ಮುಖವನ್ನೇ ಅಲ್ಲವಾ ಅಂದೆ. ಗೊಣಗುತ್ತಲೇ ಕಲ್ಲು ಒರೆಸಿ ನಿಲ್ಲಿಸಿಕೊಟ್ಟರು.

ಮೂರು ಫೋಟೋ. ಒಣ ಕಲ್ಲು. ಮಜೀದಣ್ಣ ಬಕೀಟು ಹಿಡಿದು ನೀರು ಹೊಯ್ಯುತ್ತಿರುವುದು. ಒಣಗಿದ ಮೇಲೆ ಅದೇ ಕಲ್ಲು. ಕೆಳಗೆ ಬರೆಸಿದೆ: "ನೀರ ಹಾಕಿದ್ರ ಎಲ್ಲಾ ಕಲ್ಲೂ ಚಂದ ಕಾಣ್ತಾವ. ನಿಮ್ಮನ್ಯಾಗ ಮೊದಲನೇದ್ದು ಇರ್ತದ. ಅದನ್ನ ನೋಡಿ ಆರ್ಡರ್ ಕೊಡ್ರಿ. ಹಿಂದ ಹಸಿ ಫೋಟೋ ಹಾಕಿದ್ವಿ, ಚಿಂಚೋಳಿಯವರೊಬ್ಬರು ತಪ್ಪ ತೋರ್ಸಿದ್ರು, ತೆಗದೀವಿ."

ಕೊನೆಯ ಸಾಲು ಬೇಡ ಅಂದಳು ಜಬೀನಾ. ಇರಲಿ ಅಂದೆ. ತಪ್ಪು ಮಾಡಿದ್ದು ಊರಿಗೇ ಗೊತ್ತು, ಒಪ್ಪಿಕೊಂಡದ್ದೂ ಗೊತ್ತಾಗಲಿ.

ಸೆಪ್ಟೆಂಬರ್ ೧೩, ಶನಿವಾರ

ಮಳೆ. ಕಾಗಿಣಾ ನದಿ ತುಂಬಿ ಹರಿಯುತ್ತಿದೆಯಂತೆ. ಅಂಗಡಿಯ ಕಲ್ಲೆಲ್ಲ ತೊಯ್ದು ಕರಿನೀಲಿ. ಫೋನಿಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಫೋನು ಬಂದವು, ಬೈಗುಳದವೂ ಬಂದವು.

ಗುಂಡಗುರ್ತಿಯವರೊಬ್ಬರು ಕಟ್ಟೆಗೆ ಕಲ್ಲು ಒಯ್ದರು. ಮಳಖೇಡದಿಂದ ಒಂದು ಗಾಡಿಗೆ ಹೇಳಿದ್ದಾರೆ. ಒಬ್ಬಾತ ಫೋನ್ ಮಾಡಿ, ಬೇರೆ ಅಂಗಡಿಯಿಂದ ತಂದ ಕಲ್ಲನ್ನು ಬಡಿದು ನೋಡಿದೆ, ನಿಮ್ಮ ಎರಡನೇ ಸದ್ದು ಬಂತು, ಏನು ಮಾಡಲಿ ಅಂತ ಕೇಳಿದ. ತಂದಲ್ಲಿಗೇ ಒಯ್ಯಿರಿ ಅಂದೆ. ಒಯ್ದೇ ಬಿಟ್ಟಿದ್ದಾನೆ.

ಆ ಅಂಗಡಿ ಮಾಣಿಕಪ್ಪನವರದು. ನಮ್ಮ ಸಾಲಿನ ಅಂಗಡಿಕಾರರಿಗೆಲ್ಲ ಹಿರಿಯರು ಅವರೇ. ಮಧ್ಯಾಹ್ನ ನಾಲ್ವರನ್ನು ಕಟ್ಟಿಕೊಂಡು ಬಂದರು. ಕುಂದ್ರಿ ಅಂದರೂ ಕೂಡಲಿಲ್ಲ.

"ಉಮಾದೇವಿಯವರೆ, ನೀವು ಒಣಾ ಫೋಟೋ ಹಾಕಿದ್ರ ನಮ್ಮವೆಲ್ಲಾ ಸುಳ್ಳ ಆಗ್ತಾವ. ತೆಗೀರಿ ಅವನ್ನ. ಆ ಸಪ್ಪಳಾನೂ ತೆಗೀರಿ."

ನಿಮ್ಮ ಹೆಸರು ಎಲ್ಲೂ ಬರೆದಿಲ್ಲ, ನಿಮ್ಮ ಕಲ್ಲಿನ ಸದ್ದೂ ಹಾಕಿಲ್ಲ ಅಂದೆ. ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀರಿ ಅಂದರು. ನಮ್ಮ ಸಾಲಿನಲ್ಲಿ ಒಂದು ರೂಢಿ ಇದೆ. ಸಣ್ಣ ಆರ್ಡರು ಇದ್ದರೆ ಇಬ್ಬರು ಮೂವರು ಸೇರಿ ಒಂದೇ ಗಾಡಿ ತುಂಬಿಸುತ್ತೇವೆ. ಇನ್ನು ಮೇಲೆ ನನ್ನ ಮಾಲು ಯಾರೂ ಸೇರಿಸಿಕೊಳ್ಳುವುದಿಲ್ಲವಂತೆ. ಅಂಬಾರಾಯ ಇದ್ದಾಗ ಇಂಥದು ನಡೆಯುತ್ತಿರಲಿಲ್ಲ ಅಂದರು.

ನಿಜ, ನಡೆಯುತ್ತಿರಲಿಲ್ಲ. ಅವರು ಮಾಣಿಕಪ್ಪನವರಿಗೆ ಎದುರಾಡುವವರಲ್ಲ. ಆದರೆ ಈಗ ಫೋನು ಎತ್ತುವವಳು ನಾನು. ಬೈಸಿಕೊಳ್ಳುವವಳೂ ನಾನು. ತೆಗೆಯುವುದಿಲ್ಲ ಅಂದೆ.

ಅಕ್ಟೋಬರ್ ೩, ಶುಕ್ರವಾರ

ನಿನ್ನೆ ದಸರೆ. ಬನ್ನಿ ಕೊಡಲು ಸಾಲಿನವರು ಯಾರೂ ಬರಲಿಲ್ಲ. ನಾನೇ ಎಲ್ಲರ ಅಂಗಡಿಗೂ ಹೋಗಿ ಕೊಟ್ಟು ಬಂದೆ. ಮಾಣಿಕಪ್ಪನವರು ಈಸಿಕೊಂಡರು, ಮುಖ ನೋಡಲಿಲ್ಲ.

ಇನ್ನೊಂದು ಸುದ್ದಿ. ಅಂಗಡಿಯ ಜಾಗ ಮೊಬೈಲಿನ ನಕಾಶೆಯಲ್ಲಿ ತೋರಿಸಬೇಕು, ಅದಕ್ಕೆ ವಿಳಾಸದ ಕಾಗದ ಬೇಕು ಅಂದಳು ಜಬೀನಾ. ಟ್ರಂಕು ತೆಗೆದು ಖಾತೆಯ ಕಾಗದ ಹುಡುಕಿಕೊಟ್ಟೆ. ಹುಡುಗಿ ಓದಿ, ಆಂಟಿ, ಇದರಲ್ಲಿ ನಿಮ್ಮ ಹೆಸರಿದೆ ಅಂದಳು. ಹೌದು. ಅವರು ಹೋದ ಮೇಲೆ ಮಹೇಶನೇ ಓಡಾಡಿ ಖಾತೆ ಬದಲಿಸಿದ್ದ. ಎಲ್ಲೆಲ್ಲಿ ಅಂದನೋ ಅಲ್ಲಲ್ಲಿ ಸಹಿ ಮಾಡಿದ್ದೆ. ಆಗ ಅತ್ತು ಅತ್ತು ಕಣ್ಣೇ ಕಾಣುತ್ತಿರಲಿಲ್ಲ, ಓದುವುದು ಎಲ್ಲಿ ಬಂತು. ಅರ್ಧ ಮಹೇಶಕುಮಾರ, ಅರ್ಧ ಉಮಾದೇವಿ. ಅವನು ಮೋಸ ಮಾಡಿಲ್ಲ. ನಾನೇ ಓದಿರಲಿಲ್ಲ.

ನಾಲ್ಕು ಸಲ ಓದಿದೆ.

ಅಕ್ಟೋಬರ್ ೧೫, ಬುಧವಾರ

ಆರನೆಯ ಗಾಡಿ ಹೋಯಿತು. ಕುಂಚಾವರಂ ಕಡೆಯವರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಚೌಕಾಶಿ ಮಾಡಿ ತಮ್ಮದೇ ಟ್ರ್ಯಾಕ್ಟರ್ ತಂದು ಒಯ್ದರು. ಸಾಲಿನವರ ಗಾಡಿಯಿಲ್ಲದೆ ದೂರದವರಿಗೆ ಮಾಲು ಮುಟ್ಟಿಸುವುದು ಕಷ್ಟವಾಗಿದೆ. ಎರಡು ಆರ್ಡರು ಅದಕ್ಕೇ ತಪ್ಪಿದವು. ನನ್ನ ಕಲ್ಲಿಗೆ ಏನೂ ಆಗಿಲ್ಲ, ಗಾಡಿಯದೇ ಕೊರತೆ.

ಮಜೀದಣ್ಣ ಕೇಳಿದರು, ಹತ್ತು ಆಗದಿದ್ದರೆ ತಮ್ಮ ಗತಿ ಏನು ಅಂತ. ಅರವತ್ತೆರಡು ವಯಸ್ಸು. ಟೈಲ್ಸ್ ಅಂಗಡಿಯಲ್ಲಿ ಸುತ್ತಿಗೆಗೆ ಏನು ಕೆಲಸ? ಆಗುತ್ತದೆ ಬಿಡಿ ಅಂದೆ. ಸುಳ್ಳು. ಆಗುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

ಅಕ್ಟೋಬರ್ ೨೧, ಮಂಗಳವಾರ

ದೀಪಾವಳಿ ಅಮಾವಾಸ್ಯೆ. ಬೆಳಗ್ಗೆ ಅಂಗಡಿ ಪೂಜೆ. ಕಟಿಂಗ್ ಮಶೀನಿಗೆ, ಉಳಿ ಸುತ್ತಿಗೆಗೆ, ಅಳತೆ ಟೇಪಿಗೆ ಹೂವು. ಜಬೀನಾಳ ಲ್ಯಾಪ್‌ಟಾಪಿಗೂ ಒಂದು ಚೆಂಡುಹೂವು ಇಟ್ಟೆ.

ಮಹೇಶ ಬಂದ. ಜೊತೆಗೆ ಟೈಲ್ಸ್ ವ್ಯಾಪಾರಿ ಶೌಕತ ಅಲಿ, ಬಿಳಿ ಗಡ್ಡದ ಮೆತ್ತನೆಯ ಮನುಷ್ಯ. ಪೂಜೆ ಮುಗಿಯುವ ತನಕ ಇಬ್ಬರೂ ಹೊರಗೆ ನಿಂತಿದ್ದರು. ಆಮೇಲೆ ಮಹೇಶ ಹನ್ನೊಂದು ವರ್ಷದ ಬಾಡಿಗೆ ಕಾಗದ ತೆಗೆದು ಪೆನ್ನು ಮುಂದಿಟ್ಟ.

"ಏಳ ಆದ್ವು ವೈನಿ. ಹತ್ತು ಅಂದಿದ್ವಿ."

"ಅಂದಿದ್ವಿ ಅನಬ್ಯಾಡ. ನೀ ಅಂದಿದ್ದಿ. ನಾ ಸುಮ್ನ ಕುಂತಿದ್ದೆ."

ಅವನು ನನ್ನ ಮುಖವನ್ನೇ ನೋಡಿದ. ಇವನು ಶಾಲೆಗೆ ಹೋಗುವಾಗ ನಾನು ಈ ಮನೆಗೆ ಬಂದವಳು, ಇವನ ಅಂಗಿಗೆ ಗುಂಡಿ ಹಚ್ಚಿದವಳು. ಅವನ ಮೇಲೆ ನನಗೆ ದ್ವೇಷವಿಲ್ಲ. ಅವನಿಗೂ ಮಗಳ ಓದು, ಮನೆ, ತನ್ನ ಚಿಂತೆ ಇವೆ. ಟ್ರಂಕಿನಿಂದ ಕಾಗದ ತಂದು ಅವನ ಕಾಗದದ ಪಕ್ಕ ಇಟ್ಟೆ. ನಿನ್ನ ಅರ್ಧ ಯಾರಿಗೆ ಬೇಕಾದರೂ ಕೊಡು, ನಾನು ಅಡ್ಡ ಬರುವುದಿಲ್ಲ. ನನ್ನ ಅರ್ಧಕ್ಕೆ ಸಹಿ ಮಾಡುವುದಿಲ್ಲ ಅಂದೆ.

ಅರ್ಧ ಜಾಗದಲ್ಲಿ ಎಷ್ಟು ದಿನ ನಡೆಸುತ್ತೀರಿ ಅಂತ ಕೇಳಿದ. ನಡೆಯುವ ತನಕ ಅಂದೆ. ಅಣ್ಣ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂದ. ಎಲ್ಲರೂ ಇದೇ ಮಾತು ಆಡುತ್ತಾರೆ. ಅಣ್ಣ ಇದ್ದಿದ್ದರೆ ತಮ್ಮನ ಮಾತಿಗೆ ಸಹಿ ಹಾಕುತ್ತಿದ್ದರು. ನಾನು ಹಾಕುವುದಿಲ್ಲ. ಇದನ್ನು ಬಾಯಿ ಬಿಟ್ಟೇ ಹೇಳಿದೆ. ಹೇಳಿದ ಮೇಲೆ ಗೋಡೆಯ ಮೇಲಿನ ಅವರ ಫೋಟೋ ಕಡೆ ನೋಡಲು ಹೆದರಿಕೆಯಾಯಿತು. ನೋಡಿದೆ. ಏನೂ ಆಗಲಿಲ್ಲ.

ಶೌಕತ ಅಲಿಯವರು ಗಂಟಲು ಸರಿಮಾಡಿಕೊಂಡು ಅಂದರು: "ಬಾಯಿ, ನನಗ ಅರ್ಧಾ ಜಾಗಾನೂ ನಡೀತದ್ರಿ. ಜಗಳದಾಗಿನ ಜಾಗಾ ಮಾತ್ರ ಬ್ಯಾಡ."

ಜಗಳವಿಲ್ಲ ಅಂದೆ. ಮಹೇಶ ಊಟಕ್ಕೆ ನಿಲ್ಲಲಿಲ್ಲ. ಕರ್ಚಿಕಾಯಿ ಡಬ್ಬಿಯಲ್ಲಿ ಕಟ್ಟಿ ಅವನ ಗಾಡಿಯಲ್ಲಿಟ್ಟೆ. ಬೇಡ ಅನ್ನಲಿಲ್ಲ.

ಅಕ್ಟೋಬರ್ ೨೭, ಸೋಮವಾರ

ಜಾಗ ಅಳೆದರು. ನಡುವೆ ಗೆರೆ ಎಳೆದು, ಗೆರೆಯ ಉದ್ದಕ್ಕೂ ಮಜೀದಣ್ಣ ಫರಸಿ ನಿಲ್ಲಿಸಿದರು. ಒಂದೊಂದನ್ನೂ ಬಡಿದು ನೋಡಿಯೇ ನಿಲ್ಲಿಸಿದರು. ಗೋಡೆಗೆ ಯಾಕೆ ಇಷ್ಟು ಆರಿಸುತ್ತೀರಿ ಅಂದರೆ, ಗಿರಾಕಿ ಮೊದಲು ಇದನ್ನೇ ನೋಡುತ್ತಾನೆ ಅಂದರು. ಮಣ್ಣು ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ.

ನವೆಂಬರ್ ೨೩, ಭಾನುವಾರ

ಟೈಲ್ಸ್ ಅಂಗಡಿ ಶುರುವಾಗಿ ನಾಲ್ಕು ದಿನ. ಗಾಜಿನ ಬಾಗಿಲು, ಹಗಲಲ್ಲೂ ದೀಪ. ನನ್ನ ಅಂಗಡಿ ಹುಡುಕಿಕೊಂಡು ಬಂದವರು ಆ ಬೆಳಕಿಗೆ ಮರುಳಾಗಿ ಅಲ್ಲಿಗೆ ನುಗ್ಗುತ್ತಾರೆ. ನಿನ್ನೆ ಸೇಡಂನಿಂದ ಬಂದ ಗಂಡ ಹೆಂಡತಿ ಅಲ್ಲೇ ಒಂದು ತಾಸು ಕಳೆದು, ಆಮೇಲೆ ನನಗೆ ಫೋನ್ ಮಾಡಿ ನೀವು ಎಲ್ಲಿ ಕೂತಿದ್ದೀರಿ ಅಂತ ಕೇಳಿದರು. ಗೋಡೆಯ ಈಚೆಯಿಂದ ಕೈ ಎತ್ತಿ ತೋರಿಸಬೇಕಾಯಿತು. ಕಲ್ಲು ಒಯ್ದರು ಅನ್ನಿ.

ಮಹೇಶನೂ ಬಂದಿದ್ದ, ತನ್ನ ಭಾಗ ನೋಡಲು. ನನ್ನ ಕಡೆ ಬಂದು ಚಹಾ ಕುಡಿದ. ಮೊಬೈಲಿನಲ್ಲಿ ವೆಬ್‌ಸೈಟ್ ತೆಗೆದು ಡಬ್ ಅನ್ನುವ ಸದ್ದು ಒತ್ತಿ ನೋಡುತ್ತಿದ್ದ. ನಾನು ನೋಡದವಳ ಹಾಗೆ ಇದ್ದೆ.

ಹಿಂದಿನ ವಿಳಾಸ ಇನ್ನು ನಡೆಯುವುದಿಲ್ಲ, ದಾರಿ ಹೊಸದಾಗಿ ಬರೆಯಬೇಕು ಅಂತ ಜಬೀನಾ ಬಂದಳು. ಪಕ್ಕದವರ ಹೆಸರು ಎತ್ತಬಾರದು, ಅವರಿಗೆ ಪುಕ್ಕಟೆ ಪ್ರಚಾರ ಆಗುತ್ತದೆ ಅಂತ ಅವಳ ವಾದ. ಆಗಲಿ ಬಿಡು, ನಾನು ಹೇಳಿದ್ದು ಬರೆದುಕೋ ಅಂದೆ.

"ಶಹಾಬಾದದಿಂದ ವಾಡಿ ರಸ್ತಾಕ್ಕ ಬರ್ರಿ. ಹಗಲದಾಗೂ ದೀಪಾ ಹಚ್ಚಿದ ದೊಡ್ಡ ಟೈಲ್ಸ್ ಅಂಗಡಿ ಕಾಣ್ತದ. ಒಳಗ ಹೋಗಿ ನೋಡ್ರಿ, ಛಲೋ ಅದಾವ. ಮನಸಿಗಿ ಬರಲಿಲ್ಲಂದ್ರ ಹೊರಗ ಬರ್ರಿ. ಪಕ್ಕದಾಗ ಹೊಳಿಲಾರದ್ದು ಒಂದದ. ಅದು ನಂದು."

ಜಬೀನಾ ಬರೆದುಕೊಂಡು, ಕೊನೆಗೆ ನಂದು ಅಂತಲೇ ಹಾಕಲೇನ್ರಿ ಆಂಟಿ ಅಂತ ಕೇಳಿದಳು. ಮತ್ತೆ ಯಾರದು ಅಂದೆ. ಒಮ್ಮೊಮ್ಮೆ ಈ ಹುಡುಗಿ ಸುಮ್ಮಸುಮ್ಮನೆ ಪ್ರಶ್ನೆ ಕೇಳುತ್ತಾಳೆ.